ಸೋಗಾನೆಗೆ ಸಣ್ಣ ವಿಮಾನನೂ ಬರ್ಲಿ, ಒಂದು ಸಣ್ಣ ಗೇಟು ಮಾಡ್ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಕಾಲಂನಲ್ಲಿ ಭದ್ರಾವತಿ ಕಡೆಯ ಒಬ್ರು ಬರೆದಿದ್ರು, ದಿನಕ್ಕೆ ಬೆರಳೆಣಿಕೆ ವಿಮಾನ ಬರೋ ನಮ್ಮ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಗೆ ಮೂರು ಕಿಲೋಮೀಟರ್ ಮೀರಿದ ರನ್‌ವೇ ಎಂತಕ್ಕೆ ಬೇಕಿತ್ತು, ಆ ದುಡ್ಡಲ್ಲಿ ಹಳ್ಳಿ ರಸ್ತೆ ಆಗ್ತಿತ್ತು ಅಂತ. ಅವರ ಸಿಟ್ಟು ಸುಳ್ಳಲ್ಲ, ನಮ್ಮನೆ ರಸ್ತೆನೂ ಮಳೆಗಾಲ ಮುಗಿದ ಮೇಲೆ ಜೀಪು ಬಿಟ್ರೆ ಬೇರೆದಕ್ಕೆ ಆಗಲ್ಲ. ಆದ್ರೆ ಆ ರನ್‌ವೇ ಬಗ್ಗೆ ನಂಗೂ ಒಂದು ಮಾತು ಹೇಳೋದಿದೆ, ಯಾಕಂದ್ರೆ ನಾನು ಅದರ ಮೇಲೆ ವಿಮಾನ ಇಳಿಸಿದೀನಿ. ಟಿಕೆಟ್ ತಗೊಂಡು ಕೂತು ಇಳಿದಿದ್ದಲ್ಲ, ನಾನೇ ಓಡಿಸ್ಕೊಂಡು ಬಂದಿದ್ದು.

ಮೊದಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಕುಳ ಅಲ್ಲ. ತೀರ್ಥಹಳ್ಳಿ ತಾಲೂಕಿನ ಅಡಿಕೆ ತೋಟದ ಮನೆಯವನು, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ಮೂವತ್ತೆಂಟನೇ ವಯಸ್ಸಿಗೆ ಹುಚ್ಚು ಹತ್ತಿ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡೆ. ಕಾರು ತಗೊಳ್ಳೋಕೆ ಇಟ್ಟಿದ್ದ ದುಡ್ಡು ಹೋಯ್ತು, ಹೆಂಡತಿ ಇನ್ನೂ ಅದನ್ನ ನೆನಪಿಸ್ತಾಳೆ. 17 ವರ್ಷ ಆಗಿರ್ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ಮೆಡಿಕಲ್ಲು, ಪರೀಕ್ಷೆಗಳು, ಕಡೇಪಕ್ಷ 40 ಗಂಟೆ ಹಾರಾಟ, ಇಷ್ಟೇ. ಈ ಲೈಸೆನ್ಸಲ್ಲಿ ದುಡ್ಡು ತಗೊಂಡು ಯಾರನ್ನೂ ಕರ್ಕೊಂಡು ಹೋಗೋ ಹಾಗಿಲ್ಲ, ಸ್ವಂತ ಖುಷಿಗೆ ಹಾರೋದು ಅಷ್ಟೆ. ಊರಲ್ಲಿ ಮಾತ್ರ ಇದನ್ನ ಯಾರೂ ನಂಬಲ್ಲ, ಮದುವೆ ಮನೇಲಿ ಸಿಕ್ಕಿದೋರೆಲ್ಲ ಇಂಡಿಗೋದಲ್ಲೋ ಏರ್ ಇಂಡಿಯಾದಲ್ಲೋ, ತಿಂಗಳಿಗೆ ಎಷ್ಟು ಬರುತ್ತೆ ಅಂತಲೇ ಕೇಳೋದು. ಬರೋದಿಲ್ಲ ಮಾರಾಯ್ರೆ, ಹೋಗೋದು ಅಂದ್ರೆ ನಗ್ತಾರೆ.

ಸೋಗಾನೆ ಏರ್‌ಪೋರ್ಟ್ ವರ್ಷಗಟ್ಲೆ ಬರೀ ಮಾತಲ್ಲೇ ಇತ್ತು, 2020ರಲ್ಲಿ ಕೆಲಸ ಹಿಡಿದು 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು, ಸುಮಾರು 450 ಕೋಟಿ ಖರ್ಚು, ರಾಷ್ಟ್ರಕವಿ ಕುವೆಂಪು ಹೆಸರು, ತಾವರೆ ಆಕಾರದ ಟರ್ಮಿನಲ್ಲು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ಯಾಸೆಂಜರ್ ವಿಮಾನ ಬಂತು. ಅವತ್ತು ಟೀವಿ ನೋಡ್ತಾ ಅಪ್ಪಯ್ಯ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ನಿನ್ನ ಸಣ್ಣದನ್ನ ಇಲ್ಲಿಗೆ ತರೋಕಾಗುತ್ತನಾ ಅಂತ. ತರಬಹುದು ಅಂದೆ. ಹಾಗಾದ್ರೆ ತಾ ಅಂದ್ರು. ಅಪ್ಪಯ್ಯನ ಲೆಕ್ಕದಲ್ಲಿ ಅದು ಪೇಟೆಯಿಂದ ಪಂಪ್‌ಸೆಟ್ಟಿನ ವಾಷರ್ ತಂದ ಹಾಗೆ.

ಹೋದ ಡಿಸೆಂಬರಲ್ಲಿ ತಂದೆ. ಮಳೆಗಾಲದಲ್ಲಿ ನಮ್ಮಂಥೋರು ಮಲ್ನಾಡಿನ ಹೆಸರೇ ಎತ್ತಂಗಿಲ್ಲ. ನಾವು ಹಾರೋದು ಕಣ್ಣಲ್ಲಿ ನೋಡ್ಕೊಂಡು, ಮುಂದೆ 5 ಕಿಲೋಮೀಟರ್ ಕಾಣ್ಬೇಕು, ಮೋಡದಿಂದ ದೂರ ಇರ್ಬೇಕು, ಹಗಲಲ್ಲಿ ಮಾತ್ರ. ಚಳಿಗಾಲದಲ್ಲೂ ಬೆಳಿಗ್ಗೆ ಕಾವಳ, ಅಂದ್ರೆ ಮಂಜು, ಹರಿಯೋ ತನಕ ಕಾಯ್ಬೇಕು. ಅವತ್ತು ಬೆಂಗಳೂರಿನ ಜಕ್ಕೂರು ಏರೋಡ್ರೋಮಲ್ಲಿ ಬೆಳಗಿನ ಜಾವದಿಂದ ಕೂತಿದ್ವಿ, ನಾನು ಮತ್ತು ವಿಮಾನದ ಯಜಮಾನರು, ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ಅವರದೇ ನಾಲ್ಕು ಸೀಟಿನ ಸೆಸ್ನಾ 172. ಫ್ಲೈಟ್ ಪ್ಲಾನ್ ಹಾಕಿ, ಎಫ್‌ಐಸಿ ಅನ್ನೋ ವಿಮಾನ ಮಾಹಿತಿ ಕೇಂದ್ರದ ನಂಬರ್ರು, ಏರ್‌ಫೋರ್ಸಿನ ಕಡೆಯಿಂದ ಎಡಿಸಿ ಅನ್ನೋ ವಾಯುರಕ್ಷಣಾ ಅನುಮತಿಯ ನಂಬರ್ರು ಎಲ್ಲ ತಗೊಂಡು, ಇವೆರಡು ನಂಬರ್ ಇಲ್ದೆ ನಮ್ಮ ದೇಶದಲ್ಲಿ ಸಣ್ಣ ವಿಮಾನ ಊರಿಂದ ಊರಿಗೆ ಅಲ್ಲಾಡಂಗಿಲ್ಲ, ಆಮೇಲೆ ಅಪ್ಪಯ್ಯಂಗೆ ಫೋನ್ ಮಾಡಿ ಕಾವಳ ಹರೀತಾ ಅಂತ ಕೇಳಿದ್ರೆ, ಅಂಗಳದ ತುದಿಯಿಂದ ಕೆಳಗಿನ ತೋಟದ ಮನೆ ಹೆಂಚು ಕಾಣ್ತಿದೆ ಬಾ ಅಂದ್ರು. ಶಿವಮೊಗ್ಗದ ಹವಾಮಾನ ವರದಿನೂ ಅದನ್ನೇ ಹೇಳ್ತು, ಇಂಗ್ಲಿಷಲ್ಲಿ.

ಜಕ್ಕೂರಿಂದ ಸೋಗಾನೆಗೆ ನೆಟ್ಟಗೆ ಅಳೆದ್ರೆ ಸುಮಾರು 230 ಕಿಲೋಮೀಟರ್. ನಾವು ರೈಲು ಹಳಿ ಹಿಡ್ಕೊಂಡೇ ಬಂದಿದ್ದು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ. ಚಿಕ್ಕಂದಿಂದ ರಾತ್ರಿ ರೈಲಲ್ಲಿ ಕಿಟಕಿ ಪಕ್ಕ ನಿದ್ದೆಗಣ್ಣಲ್ಲಿ ಓದಿದ ಬೋರ್ಡುಗಳೆಲ್ಲ ಮೇಲಿಂದ ಒಂದೊಂದೇ ಬರ್ತಾ ಹೋದ್ವು, ಕಡೂರು ಬಂತು ಅಂದ್ರೆ ಅಮ್ಮ ಎಬ್ಬಿಸೋರು, ಆ ಅಭ್ಯಾಸಕ್ಕೋ ಏನೋ ಅಲ್ಲಿ ತಾನಾಗೇ ನೆಟ್ಟಗೆ ಕೂತೆ. ನಾವಿದ್ದಿದ್ದು 6,500 ಅಡಿಲಿ. ಎಡಗಡೆ ಕಿಟಕಿಲಿ ಬಾಬಾಬುಡನ್ ಗಿರಿ ಸಾಲು ಪೂರ್ತಿ ಬಿಡಿಸಿಟ್ಟ ಹಾಗಿತ್ತು, ಮುಳ್ಳಯ್ಯನಗಿರಿ ಎತ್ತರ 1,930 ಮೀಟರ್, ಅಡಿ ಲೆಕ್ಕದಲ್ಲಿ 6,330ರ ಹತ್ತಿರ, ಅಂದ್ರೆ ನಮ್ಮ ರಾಜ್ಯದ ಅತಿ ಎತ್ತರದ ತಲೆ ನಮ್ಮ ಕಣ್ಣಿಗೆ ಸಮ. ಯಜಮಾನರು ಏನೂ ಮಾತಾಡ್ದೆ ಹೆಡ್‌ಸೆಟ್ ಒಂದು ಕಿವಿಯಿಂದ ಸರಿಸಿ ಸುಮ್ನೆ ಆ ಕಡೆ ನೋಡ್ತಾ ಕೂತಿದ್ರು.

ತರೀಕೆರೆ ದಾಟಿದ್ಮೇಲೆ ಲಕ್ಕವಳ್ಳಿಯ ಭದ್ರಾ ಡ್ಯಾಮಿನ ನೀರು ಒಂದು ಕಡೆ, ಕೆಳಗೆ ಇಳಿತಾ ಇಳಿತಾ ತೋಟಗಳು. ಕೊಯ್ಲಿನ ಕಾಲ ಅಲ್ವಾ, ಮನೆ ಮನೆ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದ್ರು, ಹಸಿರಿನ ನಡುವೆ ಕೆಂಪು ಕೆಂಪು ಚೌಕ, ಯಾರೋ ಕಂಬಳಿ ಒಣಗಿಸಿದ ಹಾಗೆ. ಒಂದು ಅಂಗಳದಲ್ಲಿ ಅಡಿಕೆ ಕೆದಕ್ತಿದ್ದೋರು ಕೆಲಸ ನಿಲ್ಸಿ ತಲೆ ಎತ್ತಿದ್ದು ಕಾಣ್ತು. ಬೆಂಗಳೂರಲ್ಲಿ ಹಾರೋವಾಗ ಯಾರೂ ತಲೆ ಎತ್ತಲ್ಲ.

ಈಗ ರನ್‌ವೇ ವಿಷಯ. 3,200 ಮೀಟರ್. ರಾಜ್ಯದ ಉದ್ದದ ರನ್‌ವೇಗಳಲ್ಲಿ ಇದೂ ಒಂದು. ನಾನು ಕಲಿತಿದ್ದು ಜಕ್ಕೂರಿನ ರನ್‌ವೇಲಿ, ಅದು ಪೂರ್ತಿ ಅಳೆದ್ರೂ ಒಂದು ಕಿಲೋಮೀಟರ್ ಆಗಲ್ಲ, ಒಂದು ಚೂರು ಜಾಸ್ತಿ ಸ್ಪೀಡಲ್ಲಿ ಬಂದ್ರೆ ಬೆನ್ನಲ್ಲಿ ಬೆವರು ಬರುತ್ತೆ. ಸೋಗಾನೆಲಿ ಫೈನಲ್‌ಗೆ, ಅಂದ್ರೆ ಇಳಿಯೋಕೆ ರನ್‌ವೇ ನೇರಕ್ಕೆ, ತಿರುಗಿದ್ರೆ ಎದುರಿಗೆ ಕಪ್ಪು ರಸ್ತೆ ಮುಗಿಯೋದೇ ಕಾಣಲ್ಲ, ಅಗಲ ಜಾಸ್ತಿ ಇದ್ದಿದ್ದಕ್ಕೆ ಕಣ್ಣಿಗೆ ಮೋಸ ಆಗಿ ನಾನಿನ್ನೂ ಎತ್ತರ ಇರೋವಾಗ್ಲೇ ನೆಲ ಬಂತು ಅಂದ್ಕೊಂಡು ಮೂತಿ ಎತ್ತಿದೆ, ಯಜಮಾನರು ಇನ್ನೂ ಇದೆ ಇನ್ನೂ ಇದೆ ಅಂದ್ರು, ಆಮೇಲೆ ಕೂತ್ಕೊಂಡಿದ್ದು ಅಷ್ಟೇನೂ ಚೆಂದ ಇರ್ಲಿಲ್ಲ ಅಂತ ಒಪ್ಕೋತೀನಿ. ನಿಂತಿದ್ದು ಹತ್ತರಲ್ಲಿ ಒಂದು ಭಾಗ ಬಳಸಿ. ಉಳಿದಿದ್ದನ್ನ ಸೈಕಲ್ ತುಳಿದ ಹಾಗೆ ಉರುಳಿಸ್ಕೊಂಡು ಹೋದ್ವಿ. ವಿಮಾನ ನಿಲ್ಸೋ ಏಪ್ರನ್‌ನಲ್ಲಿ ಆಗ ಒಂದು ಎಟಿಆರ್ ಪ್ಯಾಸೆಂಜರ್ ವಿಮಾನ ನಿಂತಿತ್ತು, ಅದರ ಪಕ್ಕ ನಮ್ಮದು ಹ್ಯಾಟೆ ಕೋಳಿ ಹಿಂದೆ ಬಿದ್ದ ಹೂಮರಿ ಥರ.

ಭದ್ರಾವತಿಯವರು ಕೇಳಿದ್ದಕ್ಕೆ ನನ್ನ ಉತ್ತರ ಇಲ್ಲಿಂದ ಶುರು. ಅಷ್ಟು ಉದ್ದ ಮಾಡಿದ್ದು ದೊಡ್ಡ ಬೋಯಿಂಗ್ ಏರ್‌ಬಸ್ ಬರ್ಲಿ ಅಂತ, ಬರ್ಲಿ, ಬೇಡ ಅಂದವ್ರು ಯಾರು. ಆದ್ರೆ ಅವು ಬರೋ ತನಕ, ಬಂದ್ಮೇಲೂ, ದಿನದಲ್ಲಿ ಎಷ್ಟೋ ಹೊತ್ತು ಅದು ಖಾಲಿ ಬಿಸಿಲು ಕಾಯ್ತಾ ಮಲಗಿರುತ್ತೆ. ಅದನ್ನ ಬಳಸೋಕೆ ನಾವಿದೀವಿ. ನಾವು ಅಂದ್ರೆ ಬರೀ ನನ್ನಂಥ ಹುಚ್ಚರಲ್ಲ, ಕಲಿಯೋ ಮಕ್ಕಳು. ಕಮರ್ಷಿಯಲ್ ಪೈಲಟ್ ಆಗೋಕೆ 200 ಗಂಟೆ ಹಾರ್ಬೇಕು, ಅದರಲ್ಲಿ ಒಂದು ಸಲ 300 ನಾಟಿಕಲ್ ಮೈಲಿಗೆ, ಅಂದ್ರೆ ಸುಮಾರು 555 ಕಿಲೋಮೀಟರಿಗೆ, ಕಮ್ಮಿ ಇಲ್ಲದ ಹಾರಾಟ ಮಾಡಿ ದಾರಿಲಿ ಬೇರೆ ಎರಡು ಏರೋಡ್ರೋಮಲ್ಲಿ ಇಳಿದು ಪೂರ್ತಿ ನಿಲ್ಲಿಸ್ಬೇಕು ಅಂತ ನಿಯಮ. ನಕ್ಷೆ ತೆಗೆದು ಸ್ಕೇಲ್ ಇಟ್ಟು ನೋಡಿ, ಜಕ್ಕೂರಿಂದ ಶಿವಮೊಗ್ಗ, ಅಲ್ಲಿಂದ ಮೈಸೂರು, ಮೈಸೂರಿಂದ ವಾಪಸ್ ಜಕ್ಕೂರು, ಒಂದು ತ್ರಿಕೋನ, ನಾನು ಅಳೆದಾಗ 300 ದಾಟಿ ಸ್ವಲ್ಪ ಜಾಸ್ತಿನೇ ಬಂತು. ಹೇಳಿ ಮಾಡಿಸಿದ ಹಾಗಿದೆ. ಬಯಲು, ಗುಡ್ಡ, ಕಾವಳ, ದೊಡ್ಡ ರನ್‌ವೇ, ಎಲ್ಲ ಒಂದೇ ದಿನದಲ್ಲಿ ಕಲಿತಾರೆ.

ಬರಬೇಕು ಅಂದ್ರೆ ಏನು ಬೇಕು? ನಿಜ ಹೇಳ್ಬೇಕಂದ್ರೆ ಜಾಸ್ತಿ ಏನೂ ಬೇಡ. ಇದನ್ನ ನಾನು ಬೇರೆ ಒಂದು ಕಡೆ ಕೆಟ್ಟ ಅನುಭವ ಆಗಿ ಕಲಿತಿದ್ದು, ಹೆಸರು ಬೇಡ, ನಮ್ಮ ದಕ್ಷಿಣದ್ದೇ ಒಂದು ಸಣ್ಣ ಏರ್‌ಪೋರ್ಟು. ಒಬ್ನೇ ಹೋಗಿದ್ದೆ. 11 ಗಂಟೆಗೆ ಇಳಿದೋನು ಗೇಟಿಂದ ಹೊರಗೆ ಕಾಲಿಟ್ಟಿದ್ದು 1.15ಕ್ಕೆ. ಯಾವ ಏರ್‌ಲೈನ್ ಅಂತ ಕೇಳಿದ್ರು, ಯಾವ್ದೂ ಅಲ್ಲ ಅಂದೆ. ಪ್ಯಾಸೆಂಜರ್ ಲಿಸ್ಟ್ ಕೊಡಿ ಅಂದ್ರು, ಪ್ಯಾಸೆಂಜರ್ ಇಲ್ಲ ಅಂದೆ. ಜನಾನೇ ಇಲ್ದೆ ವಿಮಾನ ಯಾಕ್ರೀ ಬಂತು ಅಂತ ಆ ಪುಣ್ಯಾತ್ಮ ನಿಜವಾಗ್ಲೂ ಕೇಳಿದ್ರು, ಅವರ ತಪ್ಪಲ್ಲ, ಅವರ ಫಾರಂನಲ್ಲಿ ನನ್ನಂಥೋನಿಗೆ ಕಾಲಂ ಇರ್ಲಿಲ್ಲ. ಕಟ್ಟಬೇಕಾದ ಚಾರ್ಜು ಎಷ್ಟು ಅಂತ ಮೂರು ರೂಮು ಸುತ್ತಿದ್ರೂ ಯಾರಿಗೂ ಗೊತ್ತಿಲ್ಲ.

ಅದಕ್ಕಿಂತ ಮಜಾ ವಾಪಸ್ ಹೋಗುವಾಗ. ನಮ್ಮ ಹತ್ರ ಒಂದು ಪ್ಲಾಸ್ಟಿಕ್ ಕಪ್ ಇರುತ್ತೆ, ರೆಕ್ಕೆ ಅಡಿಯಿಂದ ಸ್ವಲ್ಪ ಪೆಟ್ರೋಲ್ ಇಳಿಸಿ ಬಿಸಿಲಿಗೆ ಹಿಡಿದು ನೋಡೋಕೆ, ನೀಲಿ ಬಣ್ಣ ಇದೆಯಾ, ತಳದಲ್ಲಿ ನೀರಿನ ಗುಳ್ಳೆ ಕೂತಿದೆಯಾ ಅಂತ. ನೀರು ಹೋದ್ರೆ ಮೇಲೆ ಹೋದಾಗ ಇಂಜಿನ್ ನಿಲ್ಲುತ್ತೆ, ಆದ್ರಿಂದ ಪ್ರತಿ ಸಲ ನೋಡ್ಲೇಬೇಕು. ಆ ಕಪ್ಪಿನ ತುದಿಲಿ ಬೆರಳುದ್ದದ ಸ್ಕ್ರೂಡ್ರೈವರ್ ಇರುತ್ತೆ. ಸೆಕ್ಯುರಿಟಿ ಮೆಷಿನ್‌ನಲ್ಲಿ ಅದು ಸಿಕ್ಕಿಬಿತ್ತು. ಇದನ್ನ ವಿಮಾನದೊಳಗೆ ಬಿಡಲ್ಲ ಅಂದ್ರು. ಸ್ವಾಮಿ, ಇದನ್ನ ತೋರ್ಸಿ ನಾನು ಯಾರನ್ನ ಹೆದರಿಸ್ಲಿ, ಪೈಲಟ್ಟೂ ನಾನೇ ಅಂದೆ. ರೂಲ್ಸ್ ಅಂದ್ರು. ಇಡೀ ವಿಮಾನ ನನ್ನ ಕೈಗೆ ಕೊಟ್ಟು ಸ್ಕ್ರೂಡ್ರೈವರ್ ಕಿತ್ಕೊಂಡ್ರು. ಕೊನೆಗೆ ಒಬ್ಬ ಲೋಡರ್ ಹುಡುಗ ನೀರಿನ ಬಾಟಲ್ ಅರ್ಧಕ್ಕೆ ಕತ್ತರಿಸಿ ಕೊಟ್ಟ, ಅದರಲ್ಲೇ ನೋಡ್ಕೊಂಡು ಹೊರಟೆ.

ಸೋಗಾನೆಲಿ ಹಾಗೇನೂ ಆಗ್ಲಿಲ್ಲ, ಅದನ್ನೂ ಹೇಳ್ಬೇಕು. ಮೊದಲೇ ಫೋನ್ ಮಾಡಿ ಪತ್ರ ಕಳ್ಸಿ ಹೋಗಿದ್ವಿ, ಮಾತಾಡಿಸಿದೋರೆಲ್ಲ ನಗ್ತಾ ಮಾತಾಡಿಸಿದ್ರು, ಗೇಟಲ್ಲಿದ್ದ ಹುಡುಗ ಆಯನೂರು ಕಡೆಯವನು, ಸರ್ ಇದು ಮೈಲೇಜ್ ಎಷ್ಟು ಕೊಡುತ್ತೆ ಅಂತ ಕೇಳ್ದ. ಗಂಟೆಗೆ 35 ಲೀಟರ್ ಕುಡಿಯುತ್ತೆ ಅಂದ್ರೆ ನಮ್ಮ ಟ್ರ್ಯಾಕ್ಟರೇ ವಾಸಿ ಅಂದ. ಸರಿಯಾದ ಮಾತು. ಆದ್ರೆ ಎಲ್ಲ ಸಲೀಸಾಗಿ ಆಗಿದ್ದು ಅವತ್ತು ಡ್ಯೂಟಿಲಿದ್ದೋರು ಒಳ್ಳೆಯೋರಾಗಿದ್ದಕ್ಕೆ. ನಾಳೆ ಹತ್ತೊಂಬತ್ತು ವರ್ಷದ ಒಂದು ಹುಡುಗಿ ಜಕ್ಕೂರಿಂದ ಒಬ್ಳೇ ಹಾರ್ಕೊಂಡು ಬಂದು ಇಳಿದ್ರೆ ಅವಳು ಯಾರ ಅದೃಷ್ಟ ನಂಬ್ಕೊಂಡು ಬರ್ಬೇಕು? ಅದಕ್ಕೆ ನಾನು ಕೇಳೋದು ಒಂದು ಹಾಳೆ. ಸಣ್ಣ ವಿಮಾನದಲ್ಲಿ ಬರೋರು ಯಾರಿಗೆ ಫೋನ್ ಮಾಡ್ಬೇಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಟವರ್ ಇರುತ್ತೆ, ಇಳಿಸೋಕೆ ನಿಲ್ಸೋಕೆ ಎಷ್ಟು ದುಡ್ಡು, ಯಾವ ಬಾಗಿಲಿಂದ ಹೊರಗೆ, ಯಾವ ಬಾಗಿಲಿಂದ ಒಳಗೆ. ಒಂದೇ ಹಾಳೆ, ಕನ್ನಡದಲ್ಲೂ ಇಂಗ್ಲಿಷಲ್ಲೂ. ಇನ್ನೊಂದು, ತಾವರೆ ಟರ್ಮಿನಲ್ ಪಕ್ಕ ಸಣ್ಣ ಗೇಟು, ಅಲ್ಲೊಂದು ಮೇಜು, ಪೈಲಟ್ ಲೈಸೆನ್ಸ್ ನೋಡಿ ಚೀಲ ತೆಗೆಸಿ ನೋಡಿ ಬಿಡೋ ಹಾಗೆ. ಸೆಕ್ಯುರಿಟಿ ಬೇಡ ಅಂತ ನಾನು ಹೇಳ್ತಾ ಇಲ್ಲ, ನಮಗೆ ಹೊಂದೋ ಸೆಕ್ಯುರಿಟಿ ಇರ್ಲಿ ಅಂತಿದೀನಿ.

ಆಮೇಲೆ ಗೂಟ. ಕೇಳೋಕೆ ತಮಾಷೆ ಅನ್ಸುತ್ತೆ ಆದ್ರೆ ನಂಗೆ ಇದೇ ಮುಖ್ಯ. ಸೆಸ್ನಾ ಖಾಲಿ ಇದ್ರೆ ಮುಕ್ಕಾಲು ಟನ್ ತೂಗುತ್ತೆ ಅಷ್ಟೆ, ಮಾರುತಿ ಕಾರಿನಷ್ಟು, ಆದ್ರೆ ಕಾರಿಗೆ ರೆಕ್ಕೆ ಇರಲ್ಲ. ಮಾರ್ಚ್ ಏಪ್ರಿಲಲ್ಲಿ ಸಂಜೆ ಗುಡುಗು ಮಳೆ ಬರೋ ಮುಂಚೆ ನಮ್ಮ ಕಡೆ ಗಾಳಿ ಹೆಂಗೆ ಏಳುತ್ತೆ ಗೊತ್ತಲ್ವಾ, ಅಡಿಕೆ ಮರನೇ ಬುಡದಿಂದ ಮುರಿದು ಹಾಕುತ್ತೆ, ಆ ಗಾಳಿಗೆ ನಿಂತಿರೋ ವಿಮಾನ ತಾನಾಗೇ ಏಳೋಕೆ ನೋಡುತ್ತೆ. ಅದಕ್ಕೆ ಎರಡು ರೆಕ್ಕೆಗೆ ಒಂದೊಂದು, ಬಾಲಕ್ಕೆ ಒಂದು, ಮೂರು ಕಡೆ ಹಗ್ಗ ಹಾಕಿ ಕಟ್ಟಬೇಕು. ಕಾಂಕ್ರೀಟಲ್ಲಿ ಕಬ್ಬಿಣದ ಕೊಂಡಿ ಹೂತಿಟ್ರೆ ಮುಗೀತು, ಒಂದು ವಿಮಾನಕ್ಕೆ ಮೂರು ಕೊಂಡಿ, ನಾಲ್ಕು ವಿಮಾನಕ್ಕೆ ಹನ್ನೆರಡು. ನೂರಾರು ಕೋಟಿಯ ಕೊಟ್ಟಿಗೆ ಕಟ್ಟಿದೋರಿಗೆ ದನ ಕಟ್ಟೋಕೆ ಹನ್ನೆರಡು ಗೂಟ ಹೊಡೆಯೋದು ಕಷ್ಟವಾ? ಅವತ್ತು ನಾವು ಚಕ್ರಕ್ಕೆ ಅಡ್ಡ ಕೊಟ್ಟು ಮೂರೇ ಗಂಟೆ ಬಿಟ್ಟಿದ್ದು, ಆ ಮೂರು ಗಂಟೆನೂ ಯಜಮಾನರು ತೆಂಗಿನ ಗರಿ ಅಲ್ಲಾಡಿದಾಗೆಲ್ಲ ಆಕಾಶ ನೋಡ್ತಿದ್ರು.

ಪೆಟ್ರೋಲ್ ವಿಷಯ ದೊಡ್ಡದು, ಚಿಕ್ಕದಾಗಿ ಹೇಳ್ತೀನಿ. ದೊಡ್ಡ ವಿಮಾನ ಕುಡಿಯೋದು ಎಟಿಎಫ್, ಒಂಥರ ಸೀಮೆಎಣ್ಣೆ ಜಾತಿ, ನಮ್ಮದಕ್ಕೆ ಬೇಕಾದ್ದು ಏವ್‌ಗ್ಯಾಸ್ ಅನ್ನೋ ವಿಮಾನದ ಪೆಟ್ರೋಲ್, ಒಂದರ ಬದಲು ಇನ್ನೊಂದು ಹಾಕಿದ್ರೆ ಪ್ರಾಣಕ್ಕೆ ಕುತ್ತು. ಏವ್‌ಗ್ಯಾಸ್ ಮೊದಲು ಹೊರದೇಶದಿಂದ ತರ್ಸೋರು, 2022ರಿಂದ ಇಂಡಿಯನ್ ಆಯಿಲ್‌ನವರು ಗುಜರಾತ್ ರಿಫೈನರಿಲಿ ಇಲ್ಲೇ ಮಾಡೋಕೆ ಶುರು ಮಾಡಿದ್ರು, ಆದ್ರೂ ದೇಶದ ಕೆಲವೇ ಏರ್‌ಪೋರ್ಟಲ್ಲಿ ಸಿಗೋದು. ನಾವು ಅದಕ್ಕೇ ಹೊರಡೋವಾಗ್ಲೇ ಟ್ಯಾಂಕ್ ಫುಲ್ ಮಾಡಿದ್ವಿ, ಸುಮಾರು 200 ಲೀಟರ್, ಹೋಗಿ ಬರೋಕೆ ಸಾಕಾಗಿ ಇನ್ನೂ ಉಳಿಯುತ್ತೆ. ನಾಲ್ಕು ಜನ ಕೂತ್ರೆ ಮಾತ್ರ ಭಾರದ ಲೆಕ್ಕ ಸರಿ ಬರಲ್ಲ, ಎಣ್ಣೆ ಇಳಿಸ್ಬೇಕು, ಅವಾಗ ವಾಪಸ್ ಬರೋಕೆ ಸಾಲಲ್ಲ. ಸಾಗರ ರೋಡಿನ ಬಂಕಿಂದ ಕ್ಯಾನಲ್ಲಿ ತಂದ್ರೆ ಆಗಲ್ವಾ ಅಂತ ಚಿಕ್ಕಪ್ಪ ಕೇಳಿದ್ರು. ಆಗಲ್ಲ ಚಿಕ್ಕಪ್ಪ. ಇದು ನಾಳೆನೇ ಆಗೋ ಕೆಲಸ ಅಲ್ಲ ಅಂತ ನಂಗೂ ಗೊತ್ತು, ಹಾಳೆ, ಗೇಟು, ಗೂಟ ಮೊದಲು ಆಗ್ಲಿ.

ಮತ್ತೆ ಮಕ್ಕಳು. ಅಪ್ಪಯ್ಯ, ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯ ಎರಡು ಹುಡುಗರು, ಐದು ಜನ ಒಂದು ಓಮ್ನಿಲಿ ಬಂದಿದ್ರು, ಅತ್ತೆ ಕೈಲಿ ಕೊಟ್ಟೆ ಕಡುಬಿನ ಡಬ್ಬಿ. ಒಳಗೆ ಬಿಡೋ ಹಾಗಿಲ್ಲ, ಸರಿನೇ. ಹೊರಗೆ ನಿಂತು ನೋಡೋಣ ಅಂದ್ರೆ ಎಲ್ಲಿ ನಿಲ್ಲೋದು ಅಂತ ಗೊತ್ತಿಲ್ದೆ ಕಾಂಪೌಂಡ್ ಸುತ್ತ ಓಡಾಡಿ, ಒಂದು ಕಡೆ ಓಮ್ನಿ ಮೇಲೆ ಹುಡುಗರನ್ನ ಹತ್ತಿಸಿ, ಅವರು ಬಂತು ಬಂತು ಅಂತ ಕೂಗಿದ್ದನ್ನ ಕೇಳಿಯೇ ಅಪ್ಪಯ್ಯ ನಾನು ಇಳಿದಿದ್ದನ್ನ ನೋಡಿದ್ದು. ಮಗ ವಿಮಾನ ತಂದಿದ್ದು ಕಣ್ಣಿಗೆ ಬೀಳ್ಲಿಲ್ಲ. ಆ ಹುಡುಗರು ಕೇಳಿದ ಪ್ರಶ್ನೆಗಳನ್ನ ನನ್ನ ಗ್ರೌಂಡ್ ಕ್ಲಾಸಲ್ಲೂ ಯಾರೂ ಕೇಳಿರ್ಲಿಲ್ಲ, ಹಿಂದಕ್ಕೆ ಹೋಗೋಕೆ ರಿವರ್ಸ್ ಗೇರ್ ಇದೆಯಾ ಅಂತ ಒಬ್ಬ. ಇಲ್ಲ, ಕೈಯಲ್ಲೇ ತಳ್ಳೋದು ಅಂದ್ರೆ ನಂಬ್ಲಿಲ್ಲ. ಬೇಲಿ ಹೊರಗೆ ಒಂದು ದಿಬ್ಬ, ನಾಲ್ಕು ಕಲ್ಲು ಬೆಂಚು, ನೆರಳಿಗೆ ಎರಡು ಹೊಂಗೆ ಮರ, ಇಷ್ಟು ಮಾಡಿದ್ರೆ ಭಾನುವಾರ ಗಾಜನೂರು ಡ್ಯಾಮು, ಸಕ್ರೆಬೈಲು ಆನೆ ಬಿಡಾರ ನೋಡೋಕೆ ಹೋಗೋ ಜನ ಇಲ್ಲೂ ನಿಲ್ತಾರೆ, ಕಡ್ಲೆಕಾಯಿ ಮಾರೋನಿಗೂ ಒಂದು ದಾರಿ ಆಗುತ್ತೆ. ಭದ್ರಾವತಿಯವರು ಕಟ್ಟಿದ ತೆರಿಗೆಲಿ ಆಗಿದ್ದನ್ನ ಭದ್ರಾವತಿಯವರ ಮೊಮ್ಮಕ್ಕಳು ಬಂದು ನೋಡ್ಲಿ.

ಸಂಜೆ ಹೊತ್ತು ಮುಳುಗೋ ಮೊದಲು ಜಕ್ಕೂರಲ್ಲಿರ್ಬೇಕಿತ್ತು, ಹಾಗಾಗಿ ಊಟ ಅಂತ ಏನೂ ಆಗ್ಲಿಲ್ಲ, ಪಾರ್ಕಿಂಗಲ್ಲಿ ಓಮ್ನಿ ಬಾಗಿಲು ತೆಗೆದು ಎಲ್ರೂ ನಿಂತೇ ಕಡುಬು ತಿಂದ್ವಿ. ಯಜಮಾನರಿಗೆ ಅತ್ತೆ ಎರಡು ಕಡುಬು ಜಾಸ್ತಿ ಹಾಕಿದ್ರು, ಅವರು ಭಾರ ಜಾಸ್ತಿ ಆಗುತ್ತೆ ಅಂತ ಬೇಡ ಅಂದಿದ್ದನ್ನ ಅತ್ತೆ ನಿಜ ಅಂದ್ಕೊಂಡು ಡಬ್ಬಿಲಿ ಕೊಡ್ಬೇಕು ಅಂತಿದ್ದ ಉಪ್ಪಿನಕಾಯಿ ವಾಪಸ್ ಇಟ್ಕೊಂಡ್ರು.

ಸಂಪಾದಕರೇ, ಈ ಪತ್ರ ಉದ್ದ ಆಯ್ತು, ಬೇಕಾದಷ್ಟು ಕತ್ತರಿಸಿ, ಆದ್ರೆ ಗೂಟದ ಪ್ಯಾರಾ ಮಾತ್ರ ಬಿಡ್ಬೇಡಿ. ಮುಂದಿನ ಫೆಬ್ರವರಿಲಿ ಮತ್ತೆ ಬರ್ತಾ ಇದೀನಿ, ಈ ಸಲ ರಾತ್ರಿ ಉಳಿಯೋ ಯೋಚನೆ ಇದೆ. ಹಗ್ಗ ನಾನೇ ತರ್ತೀನಿ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಓದುಗ, ಸದ್ಯಕ್ಕೆ ಬೆಂಗಳೂರು